ಎಂಕೆ ಎಂಬತ್ತೆಂಟು ಮತ್ತು ನನ್ನ ಅತ್ತೆಮನೆ

"ನೀವು ಇರುವುದು ಎಲ್ಲಿ?" ಎಂಬುದು ಬಹಳ ಸುಲಭದ ಪ್ರಶ್ನೆ ಎಂದು ತಿಳಿದವರು ಒಮ್ಮೆ ಬೀದರಿನಲ್ಲಿ ಆಟೊ ಹತ್ತಬೇಕು. ಮೈಲೂರ ಎಂದರೆ ಆಟೊದವನು ತಿರುಗಿಯೂ ನೋಡದೆ, "ಮೈಲೂರದಾಗ ಎಲ್ಲಿರಿ ಸರ್?" ಎನ್ನುತ್ತಾನೆ. "ಹಿಟ್ಟಿನ ಗಿರಣಿ ಇತ್ತಲ್ಲ, ಅದರ ಎದುರಿಗಿ" ಎನ್ನುತ್ತೇನೆ. ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಆದರೂ ನಮ್ಮ ಓಣಿಯವರೆಲ್ಲ ಆ ಇಲ್ಲದ ಗಿರಣಿಯ ಎದುರು, ಹಿಂದೆ, ಪಕ್ಕದಲ್ಲಿ ಸುಖವಾಗಿ ವಾಸವಾಗಿದ್ದೇವೆ. ಮೊಬೈಲ್ ಅಂಗಡಿಯವನು ಕೂಡ ತನ್ನ ಬೋರ್ಡಿನ ಮೇಲೆ "ಹಳೇ ಗಿರಣಿ ಹತ್ತಿರ" ಎಂದೇ ಬರೆಸಿದ್ದಾನೆ. ತಾನು ಗಿರಣಿಯ ಹೊಟ್ಟೆಯೊಳಗೇ ಕುಳಿತಿದ್ದೇನೆ ಎಂಬುದು ಅವನ ಗಮನಕ್ಕೆ ಬಂದಂತಿಲ್ಲ.

ಈ ತಾಪತ್ರಯದಿಂದ ಪಾರಾದ ಕೆಲವೇ ಮಂದಿಯಲ್ಲಿ ನಾನೊಬ್ಬ ಎಂದು ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ. ನಾನು ಬೀದರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು; ಉಳಿದ ವೇಳೆಯಲ್ಲಿ ಹವ್ಯಾಸಿ ರೇಡಿಯೋದವನು. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಮನೆಯಲ್ಲೊಂದು ರೇಡಿಯೋ ಠಾಣೆ ಇಟ್ಟುಕೊಂಡು, ಮಾಳಿಗೆಯ ಮೇಲೆ ತಂತಿ ಕಟ್ಟಿ, ಎಲ್ಲೋ ಇರುವ ಇನ್ನೊಬ್ಬ ಅಂಥವನೇ ಆಸಾಮಿಯೊಡನೆ ಗಾಳಿಯಲ್ಲಿ ಮಾತಾಡುವುದು ನಮ್ಮ ಹವ್ಯಾಸ. ಫೋನ್ ಇರುವಾಗ ಇದೇಕೆ ಎಂದು ಕೇಳಬೇಡಿ. ಪೇಟೆಯಲ್ಲಿ ಮೀನು ಸಿಗುವಾಗ ಕೆರೆಯ ದಂಡೆಯ ಮೇಲೆ ಗಾಳ ಹಿಡಿದು ಕೂರುವವರನ್ನು ಮೊದಲು ಕೇಳಿ ಬನ್ನಿ, ಆಮೇಲೆ ನಾನು ಹೇಳುತ್ತೇನೆ.

ನಮ್ಮವರು ಇಡೀ ಭೂಗೋಳಕ್ಕೆ ಚೌಕಾಬಾರದ ಮನೆಗಳಂತೆ ಗೆರೆ ಎಳೆದಿದ್ದಾರೆ. ಎಲ್ಲಕ್ಕಿಂತ ದೊಡ್ಡ ಚೌಕಕ್ಕೆ ಎರಡು ಇಂಗ್ಲಿಷ್ ಅಕ್ಷರ. ಅದರೊಳಗಿನ ನೂರು ಚೌಕಗಳಿಗೆ ಎರಡೆರಡು ಅಂಕಿ. ಇನ್ನೂ ಒಳಗೆ ಹೋಗಬೇಕೆಂದರೆ ಮತ್ತೆರಡು ಅಕ್ಷರ. ಈ ಲೆಕ್ಕದಲ್ಲಿ ಬೀದರ ಎಂದರೆ ಎಂಕೆ 87. ಬ್ರೆಜಿಲಿನವನಿಗೆ ಬೀದರ ಗೊತ್ತಿರಬೇಕಾಗಿಲ್ಲ, ಗಿರಣಿಯಂತೂ ಬೇಡವೇ ಬೇಡ. ಎಂಕೆ 87 ಎಂದರೆ ಸಾಕು, ಭೂಮಿಯ ಮೇಲೆ ನಾನು ಎತ್ತ ಕಡೆ ಇದ್ದೇನೆ, ತನ್ನ ಆಂಟೆನಾವನ್ನು ಎತ್ತ ತಿರುಗಿಸಬೇಕು ಎಂಬುದೆಲ್ಲ ಅವನಿಗೆ ತಿಳಿದುಬಿಡುತ್ತದೆ. ಎಷ್ಟು ಚೆಂದದ ವ್ಯವಸ್ಥೆ! ನನಗಂತೂ ಇದು ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಪಾರ್ಸೆಲ್ ತಂದ ಹುಡುಗ ಫೋನಿನಲ್ಲಿ "ಲೊಕೇಶನ್ ಹೇಳ್ರಿ ಸರ್" ಎಂದಾಗ ಬಾಯಿಂದ ಎಂಕೆ 87 ಎಂದೇ ಬಂತು. ಆತ ಅದನ್ನು ಮನೆ ನಂಬರೆಂದು ತಿಳಿದು ಓಣಿಯೆಲ್ಲ ಸುತ್ತಿದ. ನನ್ನ ಹೆಂಡತಿ ಸುಮಿತ್ರಾ ಹೊರಗೆ ಹೋಗಿ ಪಾರ್ಸೆಲ್ ತೆಗೆದುಕೊಂಡು ಬಂದು, "ಬೀದರ ಅನ್ಲಕ್ಕ ನಾಚ್ಕಿ ಬರ್ತದೇನ್ರಿ ನಿಮಗ?" ಎಂದಳು.

ಸುಮಿತ್ರಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೈಕಿಲ್ಲದೆ ಇಡೀ ಮೈದಾನವನ್ನು ಸುಮ್ಮನಾಗಿಸುವ ದನಿ. ಅವಳ ತವರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ. ನಮ್ಮ ಚೌಕಗಳ ಗೆರೆಯೊಂದು ಬೀದರಿಗೂ ಭಾಲ್ಕಿಗೂ ನಡುವೆ ಹಾದುಹೋಗುತ್ತದೆ ಎಂಬುದನ್ನು ನಾನು ಅವಳಿಗೆ ಹೇಳಬಾರದಿತ್ತು. ಬೀದರ, ಹುಮನಾಬಾದ, ಕಲಬುರಗಿ ಎಲ್ಲ 87ರಲ್ಲಿ. ಭಾಲ್ಕಿ, ಔರಾದ, ಗಡಿಯಾಚೆಯ ಉದಗೀರ 88ರಲ್ಲಿ. ಕೇಳಿದ ಕೂಡಲೆ ಅವಳ ಮುಖ ಅರಳಿತು. "ಅಂದ್ರ ನಮ್ಮ ತವರಮನಿ ನಿಮ್ದಕ್ಕಿಂತ ಒಂದ್ ನಂಬರ್ ಮ್ಯಾಲ ಅದ ಅಂದಂಗಾಯ್ತು." ಇದು ಮೇಲು ಕೀಳಿನ ಮಾತಲ್ಲ, ಅಕ್ಷಾಂಶದ ಮಾತು ಎಂದೆ. "ಆಗ್ಲಿ ಬಿಡ್ರಿ, ಮ್ಯಾಲ ಅಂದ್ರ ಮ್ಯಾಲೇ" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಾಠ ಮಾಡುವವನ ಚಟ, ಇನ್ನೊಂದು ವಿಷಯವನ್ನೂ ಸೇರಿಸಿದೆ: ನಮ್ಮ ರೇಡಿಯೋ ಭಾಷೆಯಲ್ಲಿ ಮಾತು ಮುಗಿಸುವಾಗ 73 ಎಂದರೆ ನಮಸ್ಕಾರ, 88 ಎಂದರೆ ಪ್ರೀತಿ, ಮುತ್ತು ಇತ್ಯಾದಿ. ಅಂದಿನಿಂದ ಮನೆಯಲ್ಲಿ ಜಗಳವಾದಾಗಲೆಲ್ಲ, "ನಮ್ಮ ಕಡಿ ನಂಬರಿನಾಗೇ ಪ್ರೀತಿ ಅದ. ನಿಮ್ಮ ಎಂಬತ್ತೇಳರಾಗ ಏನದ?" ಎಂಬ ಪ್ರಶ್ನೆ ಬರುತ್ತದೆ. 87ಕ್ಕೆ ನಮ್ಮ ಭಾಷೆಯಲ್ಲಿ ಯಾವ ಅರ್ಥವೂ ಇಲ್ಲ. ಹುಡುಕಿ ನೋಡಿದ್ದೇನೆ.

ಇನ್ನು ಸರೋಜಿನಿಯಮ್ಮನವರ ವಿಷಯ. ಉಡುಪಿ ಕಡೆಯವರು. ದುಡಿಯುವ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಊರವರ ಮಾತುಗಳನ್ನೆಲ್ಲ ಜೋಡಿಸಿ ಜೋಡಿಸಿ ನಿವೃತ್ತರಾದ ಮೇಲೆ, ಇನ್ನು ತಾನೇ ಮಾತಾಡುವುದೆಂದು ಪರೀಕ್ಷೆ ಬರೆದು ಹವ್ಯಾಸಿಯಾದವರು. ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಬೆಳಗಿನ ಹೊತ್ತು ಗಾಳಿಯಲ್ಲಿ ಭೇಟಿ, ಅಷ್ಟೇ. ಅವರ ಮನೆಯ ಗೋಡೆಯ ಮೇಲೆ ಭಾರತದ ನಕ್ಷೆಯೊಂದು ಇದೆಯಂತೆ. ಯಾವ ಚೌಕದ ಠಾಣೆಯೊಡನೆ ಮಾತಾದರೂ ಆ ಚೌಕಕ್ಕೆ ಬಣ್ಣ ಹಚ್ಚುತ್ತಾರೆ. ದಕ್ಷಿಣವೆಲ್ಲ ತುಂಬಿ ಬಂದಿತ್ತು. ಒಂದು ಚೌಕ ಮಾತ್ರ ಬಿಳಿ. ನಗುವ ಬಾಯಲ್ಲಿ ಒಂದು ಹಲ್ಲು ಇಲ್ಲದ ಹಾಗೆ ಎಂದು ಅವರೇ ಹೇಳುತ್ತಿದ್ದರು. ಅದು ಎಂಕೆ 88. ಅಲ್ಲಿ ಅವರಿಗೆ ಸಿಗುವಂಥ ಒಬ್ಬ ಹವ್ಯಾಸಿಯೂ ಇರಲಿಲ್ಲ.

ಒಂದು ಬುಧವಾರ ಅವರು ಹೇಳಿದರು: "ಸೋಮವಾರ ಆಂಟೆನಾ ಇಳಿಸ್ಲಿಕ್ಕೆ ಜನ ಬರ್ತಾರೆ ಮಾರಾಯ್ರೆ. ಮಗಳ ಜೊತೆ ಮೈಸೂರಿನ ಫ್ಲಾಟಿಗೆ ಹೋಗುವುದು. ಅಲ್ಲಿ ತಂತಿ ಕಟ್ಲಿಕ್ಕೆ ಬಿಡುವುದಿಲ್ಲವಂತೆ. ನಿಮ್ಮಿಂದ ಆ ಎಂಬತ್ತೆಂಟು ದೂರವಾ?"

ದೂರವೆಲ್ಲಿ ಬಂತು! ನನ್ನ ಅತ್ತೆಮನೆಯೇ ಅಲ್ಲಿದೆ. ಬೈಕಿನಲ್ಲಿ ಹೊರಟರೆ ಚಹಾ ಆರುವುದರೊಳಗೆ ಗೆರೆ ದಾಟಬಹುದು. ಇಷ್ಟು ವರ್ಷ ಹೋಗಿ ಬಂದು ಮಾಡಿದವನು ಒಮ್ಮೆಯಾದರೂ ರೇಡಿಯೋ ಒಯ್ದಿರಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. "ಭಾನುವಾರ ಮುಂಜಾನೆ ಹತ್ತಕ್ಕೆ ನಾನು 88ರಲ್ಲಿರುತ್ತೇನೆ, ನೀವು ಕಿವಿಗೊಟ್ಟು ಕೂತಿರಿ" ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಭಾನುವಾರ ಔರಾದದಲ್ಲಿ ಸುಮಿತ್ರಾಳ ಅಕ್ಕನ ಮಗಳು ಪೂಜಾಳ ನಿಶ್ಚಿತಾರ್ಥ.

ಮೊದಲು ದೇವರೇ ಹೊಂದಿಸಿಕೊಟ್ಟ ಎಂದುಕೊಂಡೆ. ಔರಾದವೂ 88ರಲ್ಲೇ ಇದೆಯಲ್ಲ. ಆದರೆ ದೇವರಿಗೆ ಹುಮನಾಬಾದಿನ ಪ್ರಕರಣ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಲ್ಲಿ ಸುಮಿತ್ರಾಳ ಚಿಕ್ಕಪ್ಪನ ಮಗನ ಮದುವೆಗೆ ಹೋಗಿದ್ದಾಗ, ಅಕ್ಷತೆಗೆ ಇನ್ನೂ ಹೊತ್ತಿದೆ ಎಂದು ಮಂಟಪದ ಹಿಂದೆ ತಂತಿ ಕಟ್ಟಿ ರೇಡಿಯೋ ಹಚ್ಚಿದ್ದೆ. ನನ್ನ ದನಿ ಗಾಳಿಯಲ್ಲಿ ಹೋದದ್ದಲ್ಲದೆ ಮದುವೆಯ ಲೌಡ್‌ಸ್ಪೀಕರಿಗೂ ನುಗ್ಗಿತು. ಮಂಗಳಾಷ್ಟಕದ ನಡುನಡುವೆ ಬಾತುಕೋಳಿ ಕ್ವಾಕ್ ಕ್ವಾಕ್ ಎಂದಂತೆ ಏನೋ ಬರತೊಡಗಿ, ಪುರೋಹಿತರು ಗಾಬರಿಯಾಗಿ ನೀರು ಕೇಳಿ, ಅವರ ಗಂಟಲು ಕೆಟ್ಟಿದೆಯೆಂದು ಮುದುಕಿಯರು ಶುಂಠಿ ಹುಡುಕಿ, ಕೊನೆಗೆ ಸುಮಿತ್ರಾ ಮಂಟಪದ ಹಿಂದೆ ಬಂದು ನಿಂತಳು. ಆಮೇಲಿನದು ಬೇಡ. ಹೀಗಾಗಿ ಶನಿವಾರವೇ ಅವಳು ಹೇಳಿದಳು: "ನೋಡ್ರಿ, ಔರಾದದಾಗ ಬೀಗರ ಮುಂದ ಆ ತಾರಿನ ಗಂಟ ಬಿಚ್ಚಂಗಿಲ್ಲ. ಆಣಿ ಮಾಡ್ರಿ."

"ಔರಾದದಲ್ಲಿ ಬಿಚ್ಚುವುದಿಲ್ಲ, ಆಣೆ" ಎಂದೆ. ಔರಾದದಲ್ಲಿ ಎಂಬ ಶಬ್ದವನ್ನು ಸ್ವಲ್ಪ ಒತ್ತಿ ಹೇಳಿದ್ದು ಅವಳಿಗೆ ಗೊತ್ತಾಗಲಿಲ್ಲ.

ಭಾನುವಾರ ಕಾರಿನಲ್ಲಿ ನಾವು ಮೂವರು. ಮುಂದೆ ನಾನು ಮತ್ತು ಸುಮಿತ್ರಾ, ಹಿಂದೆ ನನ್ನ ಅತ್ತೆ ಚಂದ್ರಾಬಾಯಿ. ನಾಲ್ಕು ದಿನ ಮಗಳ ಮನೆಯಲ್ಲಿರಲು ಬಂದವರು, ಮೊಮ್ಮಗಳಿಗೆ ಸೀರೆಯನ್ನು ಬೀದರಿನಲ್ಲೇ ಆರಿಸಿದ್ದರು. ಸೀರೆ ಅವರ ತೊಡೆಯ ಮೇಲಿತ್ತು. ಪಕ್ಕದಲ್ಲಿ ಪೇಢೆಯ ಡಬ್ಬಿಗಳು ಮತ್ತು ಹುಡುಗ ಹುಡುಗಿ ಹಾಕಿಕೊಳ್ಳಬೇಕಾದ ಎರಡು ದೊಡ್ಡ ಹಾರ. ಡಿಕ್ಕಿಯಲ್ಲಿ ಕಂಬಳಿಯ ಕೆಳಗೆ ನನ್ನ ರೇಡಿಯೋ, ಬ್ಯಾಟರಿ ಮತ್ತು ತಂತಿ. ನನ್ನ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕುಳಿತಿದ್ದರೂ, "ನಿಮ್ಮ ಮನ್ಯಾನವರಿಗಿ ಇನ್ನೊಂದ್ ಭಕ್ಕರಿ ಬೇಕೇನ್ ಕೇಳವ್ವ" ಎಂದು ಮಗಳಿಗೆ ಹೇಳುತ್ತಾರೆ. ನಾನೂ "ಸಾಕು ಅಂತ ಹೇಳು" ಎಂದು ಮಗಳಿಗೇ ಹೇಳುತ್ತೇನೆ. ಸುಮಿತ್ರಾ ನಡುವೆ ಕುಳಿತು ತಾನು ಊಟ ಮಾಡುತ್ತಿರುತ್ತಾಳೆ.

ಜನವಾಡ ದಾಟಿತು. ನಾನು ರಸ್ತೆಯನ್ನೂ ನೋಡುತ್ತ, ಫೋನಿನಲ್ಲಿ ಅಕ್ಷಾಂಶವನ್ನೂ ನೋಡುತ್ತ ಹೋಗುತ್ತಿದ್ದೆ. ನಮ್ಮ ಗೆರೆ ಇರುವುದು ಹದಿನೆಂಟು ಡಿಗ್ರಿಯ ಮೇಲೆ. ಹದಿನೇಳು ಹೋಗಿ ಹದಿನೆಂಟು ಬಂದದ್ದೇ ತಡ, ಮೈ ಜುಮ್ಮೆಂದಿತು. ಹೊರಗೆ ನೋಡಿದರೆ ಏನೂ ಇಲ್ಲ. ಎರಡೂ ಕಡೆ ಅದೇ ತೊಗರಿ. ಇನ್ನೂ ಸ್ವಲ್ಪ ಮುಂದೆ ಹೋಗಿ, ರಸ್ತೆಯ ಪಕ್ಕದ ಎತ್ತರದ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿದೆ.

"ಯಾಕ್ರಿ?" ಎಂದಳು ಸುಮಿತ್ರಾ.

"ಎಂಜಿನ್ ಬಿಸಿಯಾಗಿದೆ, ಸ್ವಲ್ಪ ಆರಲಿ."

ಎಂಜಿನ್ ಆರಬೇಕಾದರೆ ಡಿಕ್ಕಿಯನ್ನು ಏಕೆ ತೆರೆಯಬೇಕು, ನೈಲಾನ್ ದಾರಕ್ಕೆ ಕಲ್ಲು ಕಟ್ಟಿ ಬೇವಿನ ಗಿಡದ ಮೇಲೆ ಏಕೆ ಎಸೆಯಬೇಕು ಎಂಬುದನ್ನು ನಾನು ವಿವರಿಸುವ ಮೊದಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮೊದಲ ಸಲ ಎಸೆದ ಕಲ್ಲು ಟೊಂಗೆಗೆ ತಾಗದೆ ಆಚೆ ಕಡೆ ಕಟ್ಟಿದ್ದ ಎಮ್ಮೆಯ ಹತ್ತಿರ ಬಿತ್ತು. ಎಮ್ಮೆ ಎದ್ದು ನಿಂತಿತು. ಎಮ್ಮೆಯ ಹಿಂದೆಯೇ ಅದರ ಯಜಮಾನನೂ ಎದ್ದು ಬಂದ.

ಹೆಸರು ಮಾಣಿಕಪ್ಪ. ತಲೆಗೆ ರುಮಾಲು, ಕೈಯಲ್ಲಿ ಉದ್ದನೆಯ ಕೊಕ್ಕೆ ಕೋಲು. "ಏನ್ ನಡ್ಸೀರಿ ಸಾಹೇಬ್ರ?" ಎಂದ.

ಆಗಲೂ ನಾನು ಸುಮ್ಮನೆ ರೇಡಿಯೋ ಎನ್ನಬಹುದಿತ್ತು. ಆದರೆ ಗೆರೆ ದಾಟಿದ ಸಂಭ್ರಮ ತಲೆಗೇರಿತ್ತು. ಬಂದ ದಾರಿಯತ್ತ ಕೈ ತೋರಿಸಿ, "ನೋಡ್ರಿ, ಅಲ್ಲಿ ಒಂದು ಗೆರಿ ಹೋಗ್ತದ. ಗೆರಿ ಆಚೆ ಕಡಿ 87, ಈ ಕಡಿ 88" ಎಂದೆ.

ಮಾಣಿಕಪ್ಪನ ಮುಖ ಗಂಭೀರವಾಯಿತು. "ಎಂಬತ್ತೆಂಟು ಇದಲ್ಲರಿ. ಸರ್ವೆ ನಂಬರ್ ಎಂಬತ್ತೆಂಟು ಹಳ್ಳದ ಅಕಡಿ ಅದ, ನಮ್ಮ ದೊಡ್ಡಪ್ಪಂದು. ಇಲ್ಲಿಗಿ ಹ್ಯಾಂಗ್ ಬಂತು?" ಎಂದವನೇ ಹೊಲದತ್ತ ತಿರುಗಿ ಕೂಗಿದ: "ತುಳಸ್ಯಾ! ಏ ತುಳಸ್ಯಾ! ಸರ್ವೆದವ್ರು ಬಂದಾರ, ನಂಬರ್ ಬದಲ್ ಮಾಡ್ಲತ್ತಾರ, ಲಗೂನ ಬಾ!"

ತುಳಸಿರಾಮ ಎಂದರೆ ಆ ದೊಡ್ಡಪ್ಪನ ಮಗ. ಅವನು ಒಬ್ಬನೇ ಬರಲಿಲ್ಲ. ತೊಗರಿ ಸಾಲುಗಳ ನಡುವಿನಿಂದ ಒಬ್ಬೊಬ್ಬರಾಗಿ ಏಳೆಂಟು ಜನ ಎದ್ದು ಬಂದರು. ಹೆದ್ದಾರಿ ಅಗಲವಾಗುತ್ತದೆ ಎಂದು ಒಬ್ಬ, ರೈಲಿನ ಹಳಿ ಬರುತ್ತದೆ ಎಂದು ಇನ್ನೊಬ್ಬ. ಮಾಣಿಕಪ್ಪನಿಗೆ ಗೆರೆ ತನ್ನ ಹೊಲದಲ್ಲಿ ಬರಬಾರದು. ತುಳಸಿರಾಮನಿಗೆ ಅದು ತನ್ನ ಹೊಲದಲ್ಲೇ ಬರಬೇಕು, ಪರಿಹಾರ ಸಿಗುತ್ತದೆ. "ಸಾಹೇಬ್ರ, ಜರಾ ಇಕಡಿ ಸರಸ್ರಿ ಅದನ್ನ" ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

"ಅದು ಕಾಲ್ಪನಿಕ ಗೆರಿ ಅದ್ರಿ. ಖರೇ ಇಲ್ಲ" ಎಂದೆ.

"ಖರೇ ಇಲ್ಲದ ಗೆರಿಗಿ ಇಷ್ಟ್ ತಾರ್ ಯಾಕ ಬೇಕ್ರಿ?" ಎಂದ ಮಾಣಿಕಪ್ಪ.

ಅಷ್ಟರಲ್ಲಿ ಔರಾದದಿಂದ ಫೋನ್. ಸುಮಿತ್ರಾಳ ಅಕ್ಕ ಶಕುಂತಲಾ. ದನಿ ನನಗೂ ಕೇಳುವಷ್ಟು ಜೋರಾಗಿತ್ತು: "ಎಲ್ಲದೀರಿ? ಬೀಗರು ಬಂದ್ ಕೂತಾರ. ಹಾರ ನಿಮ್ಮ ಹಂತೇಲೇ ಅದಾವ!" ಸುಮಿತ್ರಾ ಸುತ್ತ ನೋಡಿದಳು. ಬೇವಿನ ಗಿಡ, ತೊಗರಿ, ಎಮ್ಮೆ. ಹೇಳಿಕೊಳ್ಳಲು ಒಂದು ಗಿರಣಿಯೂ ಇರಲಿಲ್ಲ. "ಎಂಕೆ ಎಂಬತ್ತೆಂಟರಾಗ ಅದೀವಿ!" ಎಂದು ಸಿಟ್ಟಿನಿಂದ ಹೇಳಿ ಫೋನ್ ಇಟ್ಟಳು. ಆಮೇಲೆ ಕಾರಿನಿಂದ ಇಳಿದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ನನ್ನ ಕಡೆ ಬರಲಿಲ್ಲ. ಜನರ ಕಡೆ ತಿರುಗಿ, ಶಾಲೆಯ ಮೈದಾನದ ದನಿಯಲ್ಲಿ, "ಎಲ್ಲಾರೂ ಬಾಯಿ ಮುಚ್ಚಿ ಸಾಲಾಗಿ ನಿಲ್ರಿ! ಇವ್ರು ಸರ್ವೆದವ್ರಲ್ಲ, ನಮ್ಮ ಮನ್ಯಾನವ್ರು. ರೇಡಿಯೋದ ಹುಚ್ಚ ಅದ. ಮಾತಾಡಿ ಮುಗಿಸಲಿ, ನಾವು ಹೋಗ್ತೇವಿ" ಎಂದಳು. ಏಳೆಂಟು ಜನ ಗಂಡಸರು ಸಾಲಾಗಿ ನಿಂತರು. ತಡವಾಗಿ ಬಂದ ಒಬ್ಬ ಸಾಲಿನ ಕೊನೆಗೆ ಹೋಗಿ ನಿಂತ.

ರೇಡಿಯೋ ಹಚ್ಚಿದೆ. ಕರೆದೆ. ಸರ್ರನೆಯ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಕರೆದೆ. ಬಹಳ ದೂರದಲ್ಲಿ, ಬಾವಿಯ ತಳದಿಂದ ಎಂಬಂತೆ ಒಂದು ದನಿ ಬಂತು: "...ಕೇಳ್ತಾ ಉಂಟಾ? ...ಅಕ್ಷರ ಗೊತ್ತಾಗ್ತಾ ಇಲ್ಲ ಮಾರಾಯ್ರೆ..." ನನ್ನ ಚೌಕ ಅವರಿಗೆ ಸ್ಪಷ್ಟವಾಗಿ ಕೇಳಬೇಕು, ಅವರು ಅದನ್ನು ತಿರುಗಿ ಹೇಳಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. "ಮೈಕ್ ಕಿಲೋ ಎಯ್ಟ್ ಎಯ್ಟ್" ಎಂದೆ. ಅಕ್ಷರ ತಪ್ಪು ಕೇಳಬಾರದೆಂದು ಎಂ ಬದಲು ಮೈಕ್, ಕೆ ಬದಲು ಕಿಲೋ ಎನ್ನುವುದು ನಮ್ಮ ಪದ್ಧತಿ. "ಮೈಕ್ ಕಿಲೋ ಎಯ್ಟ್ ಎಯ್ಟ್! ಕಿಲೋ ಎಯ್ಟ್ ಎಯ್ಟ್!"

ಸಾಲು ಕದಲಿತು. "ಕಿಲೋಕ್ಕ ಎಂಬತ್ತೆಂಟೇನ್ರಿ?" ಎಂದ ತುಳಸಿರಾಮ. "ಯಾವ್ದುಕ್ಕ? ತೊಗರಿಗೇನ್ರಿ?" ಒಂದೇ ಕ್ಷಣದಲ್ಲಿ ನಾನು ಸರ್ವೆಯವನಿಂದ ಅಡತಿ ವ್ಯಾಪಾರಿಯಾಗಿದ್ದೆ. "ಹಳಿ ಮಾಲಿಗೇನು, ಹೊಸಾದಕ್ಕೇನು?" ಎಂದು ಹಿಂದಿನಿಂದ ಇನ್ನೊಬ್ಬ. ಸುಮಿತ್ರಾ ಒಮ್ಮೆ ನೋಡಿದಳು. ಸಾಲು ಮತ್ತೆ ನೆಟ್ಟಗಾಯಿತು.

ಆಗ ಕಾರಿನೊಳಗಿನಿಂದ ಯಾರೂ ಎಣಿಸದ ದನಿಯೊಂದು ಬಂತು. "ಏನ್ ನೋಡ್ಕೋತ ನಿಂತೀರಿ? ಹಗ್ಗ ಸಡ್ಲ ಆಗ್ಯದ. ಜಗ್ರಿ!"

ಅತ್ತೆ! ಮದುವೆಯಾದಾಗಿನಿಂದ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಇದು. ತಲೆಯೆತ್ತಿ ನೋಡಿದರೆ ನಿಜ. ದಾರ ಜಾರಿ, ತಂತಿ ತೊಗರಿಯ ಮೇಲೆ ಮಲಗುವಂತೆ ಜೋತುಬಿದ್ದಿತ್ತು. ಅವರೇ ಸೀರೆಯ ಗಂಟನ್ನು ಸೀಟಿನ ಮೇಲಿಟ್ಟು ಇಳಿದು ಬಂದು ದಾರದ ತುದಿ ಹಿಡಿದರು. ಮಾಣಿಕಪ್ಪ ಕೊಕ್ಕೆ ಕೋಲಿನಿಂದ ದಾರವನ್ನು ಮೇಲಿನ ಟೊಂಗೆಗೆ ಏರಿಸಿದ. ತುಳಸಿರಾಮ ಇನ್ನೊಂದು ತುದಿ ಜಗ್ಗಿದ. ಅವರಿಬ್ಬರೂ ಒಂದೇ ಹಗ್ಗವನ್ನು ಒಂದೇ ಕಡೆಗೆ ಎಳೆದದ್ದು ಬಹಳ ದಿನಕ್ಕಂತೆ, ಸಾಲಿನಲ್ಲಿದ್ದವರು ಮಾತಾಡಿಕೊಂಡರು. ತಂತಿ ಎದ್ದು ನಿಂತಿತು. ನಾನು ಮತ್ತೆ ಕರೆದೆ.

ಈ ಸಲ ಸರೋಜಿನಿಯಮ್ಮ ಪಕ್ಕದ ಹೊಲದಲ್ಲೇ ನಿಂತು ಮಾತಾಡಿದಂತೆ ಬಂದರು. "ಮೈಕ್ ಕಿಲೋ ಎಯ್ಟ್ ಎಯ್ಟ್! ಸರಿಯಾ? ಎಂಕೆ ಎಂಬತ್ತೆಂಟು! ಸಿಕ್ಕಿತು ಮಾರಾಯ್ರೆ, ಸಿಕ್ಕಿತು!" ಸಾಲಿನಲ್ಲಿದ್ದವರೆಲ್ಲ ಬಾಯಿ ತೆರೆದು ಡಬ್ಬಿಯನ್ನು ನೋಡಿದರು. ಡಬ್ಬಿಯೊಳಗಿನಿಂದ ಅಜ್ಜಿಯೊಬ್ಬಳು, ಅದೂ ಕನ್ನಡದಲ್ಲಿ. ಮಾಣಿಕಪ್ಪನ ಸಂಶಯವೆಲ್ಲ ಅಲ್ಲಿಗೆ ಹರಿಯಿತು. "ಇದು ಸರ್ಕಾರದ್ದಲ್ಲ ಬಿಡ್ರಿ. ಸರ್ಕಾರ ಇಷ್ಟ್ ಮೆತ್ತಗ ಮಾತಾಡಂಗಿಲ್ಲ" ಎಂದ. ನಿಯಮದ ಪ್ರಕಾರ ಮಾತಾಡಬೇಕಾದವನು ನಾನೊಬ್ಬನೇ. ಆದರೆ ಮಾಣಿಕಪ್ಪನ ದನಿಗೆ ಮೈಕಿನ ಅಗತ್ಯವಿರಲಿಲ್ಲ. ನಾನು ಗುಂಡಿ ಒತ್ತಿ ಹಿಡಿದಿರುವಾಗಲೇ ದೂರದಿಂದ ಕೂಗಿದ: "ಅಮ್ಮಾ, ನಿಮ್ಮ ಕಡಿ ಮಳಿ ಹ್ಯಾಂಗ್ ಆಗ್ಯದ್ರಿ?"

"ಯಾರದು? ಮಳೆ ಸಾಕಾಗಿ ಹೋಗಿದೆ. ನಿಮಗೆ ಬೇಕಾ?" ಎಂದರು ಸರೋಜಿನಿಯಮ್ಮ.

"ಬರೂ ವರ್ಷ ಜರಾ ಇಕಡಿ ಕಳಸ್ರಿ!"

ಅವರು ನಕ್ಕದ್ದು ಗಾಳಿಯ ಸದ್ದಿನೊಳಗೂ ಕೇಳಿಸಿತು. ಆಮೇಲೆ, "ಒಂದು ನಿಮಿಷ ನಿಲ್ಲಿ, ಹೋಗಬೇಡಿ. ನಾಳೆ ತಂತಿ ತೆಗೀತಾರಲ್ಲ, ಈಗಲೇ ನಕ್ಷೆಗೆ ಬಣ್ಣ ಹಾಕಿ ಬರ್ತೇನೆ" ಎಂದರು. ಅಷ್ಟೇ. ಬರಿಯ ಸರ್ರನೆಯ ಸದ್ದು ಉಳಿಯಿತು.

ಸುಮಿತ್ರಾಳ ಫೋನ್ ಮತ್ತೆ ರಿಂಗಣಿಸತೊಡಗಿತು. ನಾನು ಅಪರಾಧಿಯಂತೆ, ಮೈಕಿನ ಗುಂಡಿಯನ್ನು ಮರೆತು ಒತ್ತಿಕೊಂಡೇ, ಸ್ವಿಚ್ಚಿನ ಮೇಲೆ ಕೈಯಿಟ್ಟು, "ಮುಗಿಯಿತು, ಹೋಗೋಣ" ಎಂದೆ. ಸುಮಿತ್ರಾ ನನ್ನ ಕೈ ಹಿಡಿದು ತಡೆದಳು. "ತಡೀರಿ. ಬಣ್ಣ ಹಚ್ಲಿ ಪಾಪ. ನಾಳಿ ತಾರ್ ತೆಗಿತಾರ ಅಂದ್ರಲ್ಲ" ಎಂದಳು. ಶಕುಂತಲಾಳ ಫೋನನ್ನು ಅವಳು ಎತ್ತಲಿಲ್ಲ. ತೊಗರಿ ಹೊಲದ ಬದುವಿನ ಮೇಲೆ ನಾವೆಲ್ಲರೂ, ಒಂದು ಎಮ್ಮೆಯೂ ಸೇರಿ, ಅಷ್ಟು ದೂರದ ಸಮುದ್ರದ ದಂಡೆಯಲ್ಲಿ ಒಬ್ಬ ಮುದುಕಿ ಗೋಡೆಯ ಮುಂದೆ ನಿಂತು ಬಣ್ಣ ಹಚ್ಚಿ ಮುಗಿಸಲೆಂದು ಕಾಯುತ್ತ ನಿಂತೆವು. ಸಾಲು ಕೂಡ ಮುರಿಯಲಿಲ್ಲ.

ಡಬ್ಬಿ ಮತ್ತೆ ಮಾತಾಡಿತು. "ಆಯ್ತು. ಪೆನ್ಸಿಲೆಲ್ಲ ಪ್ಯಾಕ್ ಆಗಿ ಹೋಗಿತ್ತು ಮಾರಾಯ್ರೆ. ಒಳಗೆ ಹೋಗಿ ಅರಿಸಿನ ತಂದು ಹಚ್ಚಿದೆ." "ಚಂದ ಕಾಣ್ತದೆ."

"ಅರಿಶಿಣ ಹಚ್ಯಾರ! ಶುಭ ದಿನ" ಎಂದರು ಅತ್ತೆ.

ಕೊನೆಯಲ್ಲಿ ಸರೋಜಿನಿಯಮ್ಮ ನನಗೆ 73 ಹೇಳಿದರು. "ಅಲ್ಲಿ ಒಬ್ಬರು ಹೆಂಗಸು 'ತಡೀರಿ' ಅಂದದ್ದು ಕೇಳಿತು. ಅವರಿಗೆ 88 ಹೇಳಿ" ಎಂದರು. ನಾನು ಹೇಳಬೇಕಾಗಿಯೇ ಇರಲಿಲ್ಲ. ಅದರ ಅರ್ಥ ಗೊತ್ತಿದ್ದ ಸುಮಿತ್ರಾ, ಅಷ್ಟು ಜನರ ಮುಂದೆ ಕೆಂಪಗಾಗಿ, ಸೆರಗು ಸರಿಮಾಡಿಕೊಂಡು ಕಾರಿನಲ್ಲಿ ಹೋಗಿ ಕುಳಿತಳು.

ಔರಾದ ತಲುಪಿದಾಗ ಶಕುಂತಲಾ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ನಾನು ಹಾರದ ಬುಟ್ಟಿಯನ್ನು ಗುರಾಣಿಯಂತೆ ಮುಂದೆ ಹಿಡಿದುಕೊಂಡೆ. ಒಳಗೆ ಉದಗೀರದ ಬೀಗರು ಎರಡನೆಯ ಸಲದ ಚಹಾ ಮುಗಿಸಿ, ಮೂರನೆಯದು ಬರಬಹುದೆಂಬ ಭಯದಲ್ಲಿ ಕುಳಿತಿದ್ದರು. ತಡವೇಕಾಯಿತು ಎಂದು ಯಾರೋ ಕೇಳಿದರು. ಸುಮಿತ್ರಾ ಬಾಯಿ ತೆರೆಯುವ ಮೊದಲೇ ಅತ್ತೆ ನಡುಮನೆಯಲ್ಲಿ ಕುಳಿತು ಕಥೆ ಶುರುಮಾಡಿದರು. ಅವರ ಕಥೆಯಲ್ಲಿ ಹಗ್ಗ ಜಗ್ಗಿದವರು ಅವರೊಬ್ಬರೇ. ಸಮುದ್ರದ ದಂಡೆಯ ಅಜ್ಜಿ ಮಾತಾಡಿದ್ದು ಅವರೊಡನೆ. ಅಳಿಯ ಎಂಬುವನು ಆ ಹೊತ್ತಿಗೆ ಅಲ್ಲೆಲ್ಲೋ ನಿಂತಿದ್ದನೆಂದು ಕಾಣುತ್ತದೆ. ಹುಡುಗನ ತಂದೆ ಬಹಳ ಆಸಕ್ತಿಯಿಂದ ಕೇಳಿ, "ಆಮಚಂ, ನಮ್ಮ ಉದಗೀರ್ ಯಾವ ನಂಬರಿನಾಗ ಬರ್ತದ್ರಿ?" ಎಂದು ನನ್ನತ್ತ ತಿರುಗಿದರು. "ನೀವೂ ಎಂಬತ್ತೆಂಟೇ" ಎಂದೆ. "ನೋಡ್ರಿ ಮತ್ತ! ಹುಡುಗ ಹುಡುಗಿ ಇಬ್ಬರೂ ಒಂದೇ ಖಾನೆದಾಗ!" ಎಂದು ಅವರು ತೊಡೆ ತಟ್ಟಿಕೊಂಡರು. ಎಲ್ಲರೂ ನಕ್ಕರು. ಶಕುಂತಲಾ ಕೂಡ ನಕ್ಕಳು. ಹಾರ ಹಾಕಿಸಿದರು, ಪೇಢೆ ಹಂಚಿದರು. ಅಂಗಳದಲ್ಲಿ ದೊಡ್ಡ ಲೌಡ್‌ಸ್ಪೀಕರ್ ಇತ್ತು. ಕಾರಿನ ಕೀಲಿ ಇಡೀ ದಿನ ಸುಮಿತ್ರಾಳ ಸೊಂಟದಲ್ಲಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸರೋಜಿನಿಯಮ್ಮನವರು ಮೈಸೂರಿಗೆ ಹೋದ ಮೇಲೆ ಸುಮ್ಮನಿರಲಿಲ್ಲ. ಫ್ಲಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿ ಎಂದು ಹೇಳಿ ತೆಳ್ಳನೆಯ ಆಂಟೆನಾ ಕಟ್ಟಿಬಿಟ್ಟರು. ಮಗಳು ಅದರ ಮೇಲೆ ಟವೆಲ್ ಒಣಹಾಕಿದಾಗ ಮಾತ್ರ ಸಿಗ್ನಲ್ ಸ್ವಲ್ಪ ಕೆಡುತ್ತದಂತೆ. ತಾನಿರುವ ಜಾಗ ಬದಲಾದರೆ ಚೌಕಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು ಎಂಬುದು ಅವರ ಶಿಸ್ತು. ಹೊಸ ನಕ್ಷೆ, ಎಲ್ಲ ಬಿಳಿ. ಇದನ್ನು ಅವರು ಹೇಳಿದ್ದು ನನಗಲ್ಲ, ಸುಮಿತ್ರಾಳಿಗೆ. ಅವರಿಬ್ಬರ ನಡುವೆ ಈಗ ಫೋನಿನಲ್ಲಿ ದಿನಾ ಮಾತು. ಗಾಳಿಯಲ್ಲಿ ನನ್ನೊಡನೆ ಆಡುವುದಕ್ಕಿಂತ ಅದು ಎಷ್ಟೋ ಉದ್ದ. "ಮೊದ್ಲ ಎಂಬತ್ತೆಂಟೇ ಬೇಕಂತ ಅವರಿಗಿ. ಭಾತಂಬ್ರಾಕ್ಕ ಹೋಗೂನು ನಡೀರಿ" ಎಂದು ಅವಳೇ ನನ್ನ ರೇಡಿಯೋವನ್ನು ಡಿಕ್ಕಿಗೆ ಹಾಕಿದಳು.

ಅತ್ತೆಮನೆಯ ಮಾಳಿಗೆಯ ಮೇಲೆ ತಂತಿ ಕಟ್ಟಿದೆ. ಎಂಥ ಜಾಗ! ಸರೋಜಿನಿಯಮ್ಮ ಮೊದಲ ಕರೆಗೇ ಸಿಕ್ಕರು, ಚೌಕ ತುಂಬಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಎಂಕೆ 88 ಬೇಕೆಂದು ಮುಗಿಬಿದ್ದರು. ಚೆನ್ನೈ, ಭೋಪಾಲ, ಕೊಲಂಬೊ. ಇಷ್ಟು ಜನ ನನ್ನನ್ನು ಒಮ್ಮೆಗೇ ಬಯಸಿದ್ದು ಜನ್ಮದಲ್ಲಿ ಇದೇ ಮೊದಲು. ಹೊಟ್ಟೆ ಚುರುಗುಟ್ಟಿದಾಗ ಎದ್ದು ನೋಡಿದರೆ ಕೆಳಗೆ ಸದ್ದಿಲ್ಲ. ಮೆಟ್ಟಿಲ ಬಾಗಿಲು ಆಚೆಯಿಂದ ಚಿಲಕ ಹಾಕಿದೆ. ಆಗ ನೆನಪಾಯಿತು, ಎಲ್ಲರೂ ಹೊಲಕ್ಕೆ ಸೀತನಿ ತಿನ್ನಲು ಹೋಗುವುದೆಂದು ಮಾತಾಗಿತ್ತು. ಹಸಿ ಜೋಳದ ತೆನೆ ಸುಟ್ಟು, ಬಿಸಿಬಿಸಿ ಕಾಳಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುವ ಆ ಸುಖವೇ ನಾನು ಬಂದದ್ದಕ್ಕೆ ಅರ್ಧ ಕಾರಣ. ನಾನು ಯಾರದೋ ಬೈಕಿನಲ್ಲಿ ಮೊದಲೇ ಹೋಗಿದ್ದೇನೆ ಎಂದು ತಿಳಿದು ಮನೆ ಮುಚ್ಚಿ ಹೋಗಿದ್ದರು. ಫೋನ್ ಕೆಳಗೆ ಚಾರ್ಜಿಗೆ ಹಾಕಿತ್ತು. ಕೂಗಿದೆ. ಓಣಿಯಲ್ಲಿ ಮಲಗಿದ್ದ ನಾಯಿ ಒಂದು ಕಿವಿಯೆತ್ತಿ ಮತ್ತೆ ಇಳಿಸಿತು.

ಬೇರೆ ದಾರಿಯಿಲ್ಲದೆ ರೇಡಿಯೋದಲ್ಲಿ ಸರೋಜಿನಿಯಮ್ಮನವರನ್ನು ಕರೆದೆ. ಪುಣ್ಯಕ್ಕೆ ಟವೆಲ್ ಒಣಗಿತ್ತು.

"ಎಲ್ಲಿದ್ದೀರಿ?" ಎಂದರು.

"ಎಂಕೆ 88."

"ಅದು ಗೊತ್ತು ಮಾರಾಯ್ರೆ. ಅದರೊಳಗೆ ಎಲ್ಲಿ?"

ಒಳಗಿನ ಎರಡು ಅಕ್ಷರಗಳನ್ನೂ ಹೇಳಿದೆ.

"ಅದರೊಳಗೆ?"

ಅದರೊಳಗೆ ಹೋಗಲು ನಮ್ಮ ಭೂಗೋಳದಲ್ಲಿ ಇನ್ನೂ ಅಕ್ಷರಗಳಿವೆ, ಅಂಕಿಗಳಿವೆ. ಆದರೆ ಮೇಲೆ, ಕೆಳಗೆ ಎಂಬುದಕ್ಕೆ ಒಂದೂ ಇಲ್ಲ. "ಅತ್ತೆಮನೆಯ ಮಾಳಿಗೆ ಮೇಲೆ ಸಿಕ್ಕಿಹಾಕಿಕೊಂಡಿದ್ದೇನೆ" ಎಂದು, ಚೆನ್ನೈ, ಭೋಪಾಲ, ಕೊಲಂಬೊಗಳೆಲ್ಲ ಕೇಳುತ್ತಿರುವಾಗ, ಸ್ಪಷ್ಟವಾಗಿ ಎರಡು ಸಲ ಹೇಳಬೇಕಾಯಿತು. ಅವರು ಸುಮಿತ್ರಾಳಿಗೆ ಫೋನ್ ಮಾಡಲು ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ದನಿಯಲ್ಲಿ ನಗು ತಡೆದುಕೊಂಡಿದ್ದು ಗೊತ್ತಾಗುತ್ತಿತ್ತು.

"ಸೀತನಿ ಈಗಷ್ಟೇ ಬಿಸಿಯಾಗಿದೆಯಂತೆ. ತಿಂದು ಮುಗಿಸಿ ಬಂದು ಬಾಗಿಲು ತೆಗೀತಾರಂತೆ. ಅಲ್ಲಿಯವರೆಗೆ ನೀವು ಅಲ್ಲೇ ಇರಬೇಕಂತೆ, ಎಲ್ಲಿಗೂ ಹೋಗಬಾರದಂತೆ."

ಹೋಗಲಿಲ್ಲ.